ನೀರು ಮೂಸಿ ಬಿಟ್ಟ ಹಸು

ನನ್ನ ಗಂಡನ ಮನೆಯಲ್ಲಿ ನೀರನ್ನು ಯಾರೂ ನಿಲ್ಲಿಸುತ್ತಿರಲಿಲ್ಲ. ಇದನ್ನು ಅರಗಿಸಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಕೊಟ್ಟಿಗೆಯ ಪಕ್ಕದಲ್ಲಿ ಒಂದು ದೊಡ್ಡ ಕಲ್ಲುಬಾನಿ. ಗುಡ್ಡದ ಮೇಲಿನ ಒರತೆಯಿಂದ ಹೊರಟ ಕರಿ ಪೈಪು ಕಾಡಿನೊಳಗೆ ಎಲ್ಲೆಲ್ಲೋ ಸುತ್ತಿಕೊಂಡು ಬಂದು ಆ ಬಾನಿಯ ನೆತ್ತಿಯ ಮೇಲೆ ಬಾಯಿ ತೆರೆದು ನಿಂತಿತ್ತು. ನೀರು ದಬದಬ ಬೀಳುವುದು, ಬಾನಿ ತುಂಬುವುದು, ತುಂಬಿ ಚೆಲ್ಲಿದ್ದು ಕಾಲುವೆ ಹಿಡಿದು ತೋಟಕ್ಕೆ ಹೋಗುವುದು. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ಮೋಟರಿಲ್ಲ, ಕರೆಂಟಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಲ್ಲಿಯಿಲ್ಲ.

ನಾನು ಕಡೂರಿನ ಕಡೆಯವಳು. ನಮ್ಮೂರಿನಲ್ಲಿ ಅಕ್ಕಿ ತೊಳೆದ ನೀರು ಹಸುವಿಗೆ, ಮುಖ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಬಟ್ಟೆ ಹಿಂಡಿದ ನೀರು ಅಂಗಳಕ್ಕೆ. ಒಂದು ಚೊಂಬು ನೀರು ಕೈತಪ್ಪಿ ಚೆಲ್ಲಿದರೆ ಅಜ್ಜಿ ಎಣ್ಣೆ ಚೆಲ್ಲಿದಂತೆ ಬೊಬ್ಬೆ ಹೊಡೆಯುತ್ತಿದ್ದಳು. ಅಂಥ ಮನೆಯಿಂದ ಮದುವೆಯಾಗಿ ಕೊಪ್ಪದ ಸೀಮೆಗೆ ಬಂದವಳು ಮೊದಲ ದಿನವೇ ನನ್ನವರನ್ನು ಕೇಳಿದೆ, ಇದರ ನಲ್ಲಿ ಎಲ್ಲಿದೆ ಅಂತ. ಅವರು ನಕ್ಕಿದ್ದಲ್ಲದೆ ಊರಿಗೆಲ್ಲ ಹೇಳಿ ನಗಿಸಿದರು. ಎಷ್ಟೋ ದಿನ, ಪೇಟೆಯಲ್ಲಿ ಸಿಕ್ಕಿದ ಅವರ ಸ್ನೇಹಿತರು ಕೂಡ "ನಲ್ಲಿ ಸಿಕ್ತಾ ಅತ್ತಿಗೆ?" ಎಂದು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾವ ಮಾತ್ರ ನಗಲಿಲ್ಲ. "ಅದನ್ನ ಕಟ್ಟಬಾರ್ದು ಮಗಾ. ಕಟ್ಟಿದ್ರೆ ಗುಡ್ಡಕ್ಕೆ ಸಿಟ್ಟು ಬರ್ತದೆ" ಎಂದರು. ನಾನು ಅದನ್ನು ಹಳಬರ ನಂಬಿಕೆ ಎಂದುಕೊಂಡು ಸುಮ್ಮನಾದೆ.

ಆದರೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಅಷ್ಟು ನೀರು ತನ್ನ ಪಾಡಿಗೆ ತಾನು ಬೀಳುವುದನ್ನು ಕಂಡರೆ ನನಗೆ ದಿನವೂ ಎದೆ ಜುಂ ಎನ್ನುತ್ತಿತ್ತು. ಬೆಳಿಗ್ಗೆ ಸಗಣಿ ಬಾಚಲು ಹೋದವಳು ಪೊರಕೆ ಹಿಡಿದು ಹಾಗೇ ನಿಂತುಬಿಡುತ್ತಿದ್ದೆ. ಬೇಸಿಗೆಯಲ್ಲಿ ಧಾರೆ ಸಣ್ಣದಾಗುತ್ತಿತ್ತು, ಹೆಬ್ಬೆರಳಿನಷ್ಟಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಯಾರು ಕೊಡುತ್ತಿದ್ದಾರೆ ಇದನ್ನು, ಯಾಕೆ ಕೊಡುತ್ತಿದ್ದಾರೆ ಎಂದು ಯೋಚಿಸುತ್ತಿದ್ದೆ. ಆ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಕಾಣುತ್ತಲೇ ಇರಲಿಲ್ಲ. ಸೂರ್ಯ ಹುಟ್ಟಿದ್ದನ್ನು ಯಾರಾದರೂ ದಿನಾ ನಿಂತು ನೋಡುತ್ತಾರಾ, ಹಾಗೆ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಬಯಲುಸೀಮೆಯಲ್ಲಿ ಬರ ಬಿದ್ದಿತ್ತು. ಒಂದು ಮಧ್ಯಾಹ್ನ ಅಪ್ಪ ಊರಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ. ಕೆರೆ ಒಣಗಿತ್ತು, ಬಾವಿ ಒಣಗಿತ್ತು. ಊರಿಗೆಲ್ಲ ಇದ್ದ ಒಂದೇ ಬೋರಿನಲ್ಲಿ ಜನರಿಗೇ ಸಾಲದ ನೀರು. ಎತ್ತುಗಳನ್ನು ಹೊಳೆಬದಿಯ ಸಂಬಂಧಿಕರ ಮನೆಗೆ ಅಟ್ಟಿಯಾಗಿತ್ತು. ಉಳಿದದ್ದು ಒಂದು ಹಸು, ತುಂಬು ಗಬ್ಬ. ಅದರ ತಾಯಿಯ ತಾಯಿಯನ್ನು ನನ್ನ ಅಮ್ಮ ತವರಿನಿಂದ ಹೊಡೆದುಕೊಂಡು ಬಂದಿದ್ದಳು. ಅಮ್ಮ ಹೋಗಿ ಆಗ ವರ್ಷಗಳಾಗಿದ್ದವು. ಆ ಹಸುವನ್ನು ಅಪ್ಪ ಯಾರ ಕೈಗೂ ಕೊಡುವ ಪೈಕಿಯಲ್ಲ.

"ಕರು ಹಾಕೋ ತಂಕ ನಿಮ್ಮನೇಲಿ ಇಟ್ಕೋತೀರೇನವ್ವ?" ಎಂದು ಕೇಳಿದ. ಮಗಳ ಮನೆಯಲ್ಲಿ ಹೋಗಿ ಉಳಿಯುವುದು ಅಪ್ಪನಿಗೆ ಸಾವಿಗೆ ಸಮ. ಅದಕ್ಕೇ ಮರುಕ್ಷಣವೇ ಸೇರಿಸಿದ: "ನಾನು ಕೂರಕ್ಕೆ ಬರಲ್ಲ. ಕೂರಕ್ಕೆ ಬರೋದು ಹಸು. ನಾನು ಅದರ ಜೊತೆಗೆ."

ಮಾವ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದರು. ಫೋನು ಕಸಿದುಕೊಂಡು "ಬೀಗರೇ, ನಾಳೆನೇ ಹತ್ತಿಸ್ಕಂಡು ಬನ್ನಿ. ಇಲ್ಲಿ ನೀರು ಬಿದ್ದು ಹೋಗ್ತಾ ಉಂಟು" ಎಂದರು.

ಅಪ್ಪ ಟೆಂಪೋದಲ್ಲಿ ಬಂದ. ಬಾಳೆಹೊನ್ನೂರು ದಾಟಿ ಕೊಪ್ಪದ ತಿರುವುಗಳಲ್ಲಿ ಹಸುವಿಗೆ ತಲೆ ತಿರುಗಿತ್ತೋ ಏನೋ. ಬಯಲಿನಲ್ಲೇ ಹುಟ್ಟಿ ಬಯಲಿನಲ್ಲೇ ಮೇದ ಪ್ರಾಣಿ, ಇಳಿಜಾರು ಎಂದರೇನೆಂದು ಅದಕ್ಕೆ ಗೊತ್ತಿಲ್ಲ. ನಮ್ಮ ಮನೆಯ ಮುಂದೆ ಹಲಗೆ ಹಾಕಿ ಇಳಿಸುವಾಗ ಕಾಲು ಜಾರಿ, ಬೆದರಿ, ಒಮ್ಮೆಲೇ ತಲೆ ಎತ್ತಿತು. ಹಗ್ಗ ಹಿಡಿದು ಎದುರಿಗೆ ನಿಂತಿದ್ದ ಅಪ್ಪನ ಬಾಯಿಗೆ ಕೊಂಬಿನ ಬುಡ ಬಡಿಯಿತು. ಮುಂದಿನ ಎರಡು ಹಲ್ಲು ಅಂಗಳದಲ್ಲಿ ಬಿದ್ದವು. ಅಪ್ಪ ಹಗ್ಗ ಮಾತ್ರ ಬಿಡಲಿಲ್ಲ.

ನಾನು ಅಳುತ್ತಾ ಓಡಿದರೆ ಅವನು ಟವೆಲ್ಲಿನಿಂದ ಬಾಯಿ ಒತ್ತಿಕೊಂಡು ನಗುತ್ತಿದ್ದ. "ಹೋಗ್ಲಿ ಬಿಡವ್ವ, ಹೆಂಗೂ ಅಲ್ಲಾಡ್ತಿದ್ವು." ಮಾತಿನ ನಡುವೆ ಗಾಳಿ ಸೋರುತ್ತಿತ್ತು. ಸಂಜೆಯ ಹೊತ್ತಿಗೆ ಮೇಲ್ತುಟಿ ಎಳೆ ಬದನೆಕಾಯಿಯ ಹಾಗೆ ಊದಿತು. ಅತ್ತೆ ಅರಿಶಿನ ಹಚ್ಚಿ, ಗಂಜಿ ಆರಿಸಿ ಕೊಟ್ಟರು.

ನಮ್ಮ ಕೊಟ್ಟಿಗೆಯಲ್ಲಿ ಇದ್ದದ್ದು ಮಲೆನಾಡು ಗಿಡ್ಡ ದನಗಳು. ಸೊಂಟದೆತ್ತರಕ್ಕೆ ಇರುವ, ಮೇಕೆಯ ಹಾಗೆ ಗುಡ್ಡ ಹತ್ತುವ ಜಾತಿ. ಅವುಗಳ ನಡುವೆ ಅಪ್ಪನ ಹಸು ಬೂದು ಬಣ್ಣದ ಗೋಡೆಯಂತೆ ನಿಂತಿತು. ಕೊಂಬು ಹಿಂದಕ್ಕೆ ಬಾಗಿ ನೀಳವಾಗಿ ಹೋಗಿದ್ದವು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು, "ಎಂತ ಮಾರಾಯ್ತಿ, ಇದು ದನವ ಆನೆಯ?" ಎಂದು ಕೇಳಿದರು. ನನಗೆ ಹೆಮ್ಮೆಯೋ ಹೆಮ್ಮೆ.

ಆ ಹೆಮ್ಮೆ ಕತ್ತಲಾಗುವವರೆಗೆ ಇತ್ತು. ಹಸುವನ್ನು ಬಾನಿಯ ಹತ್ತಿರ ಕರೆದೊಯ್ದರೆ ಅದು ಮೂಗು ತಗ್ಗಿಸಿ ನೀರನ್ನು ಮೂಸಿತು, ಒಮ್ಮೆ ಬುಸ್ ಎಂದಿತು, ಹಿಂದೆ ಸರಿಯಿತು.

"ಹೊಸ ಜಾಗ ಬೀಗರೇ, ಹೆದ್ರಿದೆ. ನಾಳೆ ತನ್ನಷ್ಟಕ್ಕೆ ಕುಡೀತದೆ" ಎಂದರು ಮಾವ.

ಮರುದಿನ ಬೆಳಿಗ್ಗೆಯೂ ಕುಡಿಯಲಿಲ್ಲ. ಅಪ್ಪ ಬಕೆಟಿನಲ್ಲಿ ಕೊಟ್ಟು ನೋಡಿದ. ನಮ್ಮೂರಿನ ನೀರು ಉಪ್ಪುಪ್ಪು, ಇಲ್ಲಿಯದು ಸಪ್ಪೆ, ಅದಕ್ಕೇ ಸೇರುತ್ತಿಲ್ಲ ಎಂದು ಒಂದು ಹಿಡಿ ಉಪ್ಪು ಕದಡಿದ. ಹಸು ಮೂಸಿ ಬಿಟ್ಟಿತು. ಹಿಂಡಿ ಕಲಸಿಟ್ಟ, ಬೆಲ್ಲ ಕರಗಿಸಿಟ್ಟ. ಮೂಸುವುದು, ಬುಸ್ ಎನ್ನುವುದು, ಮುಖ ತಿರುಗಿಸುವುದು. ಹುಲ್ಲನ್ನೂ ಎರಡು ಬಾಯಿ ಎಳೆದು ನಿಲ್ಲಿಸಿತು. ಮೂಗಿನ ಮೇಲೆ ಯಾವಾಗಲೂ ಇರುವ ಒದ್ದೆ ಹನಿಗಳು ಕಾಣೆಯಾಗಿದ್ದವು. ಮೂಗು ಒಣಗಿದ ದನವನ್ನು ನಾನು ಬರದ ಊರಿನವಳಾಗಿ ಸಾಕಷ್ಟು ಕಂಡಿದ್ದೆ. 

ಮಧ್ಯಾಹ್ನ ದನದ ಡಾಕ್ಟರು ಬಂದರು. ಹೊಟ್ಟೆ ಮುಟ್ಟಿ ನೋಡಿ, ಕಣ್ಣ ರೆಪ್ಪೆ ಬಿಡಿಸಿ ನೋಡಿ, ಒಂದು ಬಾಟಲಿ ಡ್ರಿಪ್ ಹಾಕಿದರು. "ಕರು ಬದುಕಿದೆ. ಆದ್ರೆ ಇಷ್ಟು ದೊಡ್ಡ ಹಸುವಿಗೆ ಬಾಟಲಿ ನೀರು ಎಲ್ಲಿಗೆ ಸಾಕು? ಅದು ಬಾಯಿಂದ ಕುಡೀಬೇಕು. ಇನ್ನೊಂದು ದಿನ ಹೀಗೇ ಆದ್ರೆ ಎರಡೂ ಕಷ್ಟ" ಎಂದರು. ಗೊಟ್ಟದಲ್ಲಿ ಕುಡಿಸೋಣವೇ ಎಂದು ಮಾವ ಕೇಳಿದರು. ಗೊಟ್ಟ ಎಂದರೆ ಬಿದಿರಿನ ಕೊಳವೆ, ದನಗಳ ಬಾಯೊಳಗೆ ತೂರಿಸಿ ಔಷಧ ಹೊಯ್ಯುವುದು. ಡಾಕ್ಟರು ಬೇಡ ಎಂದರು. ಇದು ಬೆದರಿದೆ, ತಲೆ ಒದರಿದರೆ ನೀರು ಶ್ವಾಸಕ್ಕೆ ಹೋಗುತ್ತದೆ ಎಂದರು.

ಅವರು ಹೋದ ಮೇಲೆ ಅಪ್ಪ ಬಾನಿಯ ಕಟ್ಟೆಯ ಮೇಲೆ ಕುಳಿತ. ಅವನ ಪಕ್ಕದಲ್ಲೇ ನೀರು ದಬದಬ ಬೀಳುತ್ತಿತ್ತು. ಎರಡು ಹೆಜ್ಜೆ ಆಚೆ ಹಸು ಒಣ ಮೂಗಿನಲ್ಲಿ ನಿಂತಿತ್ತು. ಅಪ್ಪ ಏನೋ ಹೇಳಿದ, ನನಗೆ ಕೇಳಲಿಲ್ಲ. ಆ ಬಾನಿಯ ಬಳಿ ಕೂಗಿ ಮಾತಾಡಬೇಕು, ಅಪ್ಪನ ಕಿವಿ ಬೇರೆ ಸ್ವಲ್ಪ ಮಂದ. ಹತ್ತಿರ ಹೋದೆ.

"ಅಲ್ಲಿ ನೀರಿಲ್ದೆ ಸಾಯ್ತಿತ್ತು, ಇಲ್ಲಿ ನೀರಿನ ಮುಂದೆ ಸಾಯ್ತೈತಲ್ಲವ್ವ. ನಾನು ಯಾಕಾದ್ರೂ ಕರ್ಕೊಂಡು ಬಂದೆ?" ಎಂದ.

ಅಪ್ಪ ಹಾಗೆ ಸೋತು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಮ್ಮ ಹೋದಾಗಲೂ ಕೇಳಿರಲಿಲ್ಲ.

ಆಮೇಲೆ ಅವನಿಗೆ ಒಂದು ಯೋಚನೆ ಹೊಳೆಯಿತು. ಈ ಬೀಳುವ ನೀರಿನ ಸದ್ದಿಗೇ ಹಸು ಹೆದರುತ್ತಿದೆ, ನಮ್ಮಲ್ಲಿ ತೊಟ್ಟಿಯ ನೀರು ಸುಮ್ಮನೆ ನಿಂತಿರುತ್ತಿತ್ತು, ಇದನ್ನು ನಿಲ್ಲಿಸಿದರೆ ಕುಡಿದೀತು ಎಂದುಕೊಂಡ. ನಮ್ಮನ್ನು ಕೇಳಲಿಲ್ಲ. ಕೇಳಿದರೆ ಬೀಗರು ಏನಂದಾರೋ ಎಂಬ ಸಂಕೋಚ. ನಾವೆಲ್ಲ ಒಳಗಿದ್ದಾಗ ಒಂದು ಕೋಲಿಗೆ ತನ್ನ ಟವೆಲ್ ಬಿಗಿಯಾಗಿ ಸುತ್ತಿ ಪೈಪಿನ ಬಾಯಿಗೆ ಜಡಿದ. ನಾನು ಹೊರಗೆ ಬಂದಾಗ ನೀರು ಟವೆಲ್ಲಿನ ಸುತ್ತಲಿನಿಂದ ಸರ್ ಸರ್ ಎಂದು ನಾಲ್ಕು ಕಡೆಗೆ ಚಿಮ್ಮುತ್ತಿತ್ತು, ಮೊದಲಿಗಿಂತ ಹೆಚ್ಚು ಗಲಾಟೆ. ಅಪ್ಪ ತೊಯ್ದು ತೊಪ್ಪೆಯಾಗಿ ಎರಡೂ ಕೈಯಲ್ಲಿ ಕೋಲು ಒತ್ತಿ ಹಿಡಿದು ನಿಂತಿದ್ದ. ಹಸು ಹಗ್ಗ ಹರಿದುಕೊಳ್ಳುವಂತೆ ಹಿಂದಕ್ಕೆ ಎಳೆಯುತ್ತಿತ್ತು. ಬೇರೆ ಹೊತ್ತಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಮದುವೆಯಾದ ಹೊಸದರಲ್ಲಿ ನಾನು ಹುಡುಕಿದ ನಲ್ಲಿಯನ್ನು ಅಪ್ಪ ತಾನೇ ತಯಾರಿಸಿಬಿಟ್ಟಿದ್ದ!

ನೋಡುತ್ತಿದ್ದ ಹಾಗೆಯೇ ಚಿಮ್ಮುವುದು ಕಡಿಮೆಯಾಯಿತು. ನಾವು ಟವೆಲ್ ಕಿತ್ತೆವು. ಧಾರೆ ತೆಳ್ಳಗಾಗಿ, ಹನಿಯಾಗಿ, ಕೊನೆಗೆ ಪೂರಾ ನಿಂತಿತು.

ಮಾವ ಬಂದು ಪೈಪಿಗೆ ಕಿವಿ ಇಟ್ಟು ಕೇಳಿದರು. "ಮೇಲೆ ಎಲ್ಲೋ ಜಾಯಿಂಟ್ ಹಾರಿದೆ" ಎಂದರು. ಗುಡ್ಡಕ್ಕೆ ಸಿಟ್ಟು ಬರುವುದು ಎಂದರೆ ಇದೇ. ಕೆಳಗೆ ಬಾಯಿ ಕಟ್ಟಿದರೆ ಗುಡ್ಡದ ನೀರೆಲ್ಲ ಪೈಪಿನೊಳಗೆ ಒತ್ತಿ ನಿಂತು, ಎಲ್ಲಿ ಜೋಡಣೆ ಸಡಿಲವೋ ಅಲ್ಲಿ ಒದ್ದು ಹೊರಗೆ ಬರುತ್ತದೆ. ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಮಾವನಿಗೆ ಸಿಟ್ಟು ಬಂದದ್ದು ಮೂಗಿನ ತುದಿಯಲ್ಲೇ ಕಾಣುತ್ತಿತ್ತು. ಆದರೆ ಅವರು ಸಿಟ್ಟನ್ನು ನುಂಗಿ, "ಕತ್ತಲಾಯ್ತು. ನಾಳೆ ನೋಡುವ" ಎಂದು ಒಳಗೆ ಹೋದರು. ಬೆಳಿಗ್ಗೆ ಎದ್ದು ನಮ್ಮ ದನಗಳನ್ನು ಬಾನಿಯ ಹತ್ತಿರಕ್ಕೂ ಬಿಡದೆ ದೂರದ ಹಳ್ಳಕ್ಕೆ ಹೊಡೆಸಿದರು. ಬಾನಿಯಲ್ಲಿ ಉಳಿದ ನೀರು ನೆಂಟ ಹಸುವಿಗೆ ಇರಲಿ ಎಂದು. ಅವರು ಅದನ್ನು ಯಾರಿಗೂ ಹೇಳಲಿಲ್ಲ, ನನಗೆ ಕಂಡಿತು.

ನನ್ನವರು ಪೈಪು ಸರಿಮಾಡಲು ಹೊರಟಾಗ ಅಪ್ಪ ತಾನೂ ಬರುತ್ತೇನೆಂದ. ಊದಿದ ಬಾಯಿಯ ಮುದುಕನನ್ನು ಒಬ್ಬನೇ ಬಿಡುವುದು ಹೇಗೆಂದು ನಾನೂ ಹೊರಟೆ. ಪೈಪಿನ ಜೊತೆಗೇ ನಡೆದೆವು. ಏಪ್ರಿಲ್ ತಿಂಗಳು, ಕಾಲಡಿಯ ತರಗೆಲೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಪೈಪು ಒಂದು ಕಣಿವೆಗೆ ಇಳಿದು ಎದುರಿನ ದಿಣ್ಣೆಯನ್ನು ಏರಿತ್ತು. ಅಪ್ಪ ಅಲ್ಲಿ ನಿಂತುಬಿಟ್ಟ.

"ನೀರು ಈ ಏರು ಹತ್ತುತ್ತಾ?" ಎಂದು ಕೇಳಿದ.

"ಹತ್ತುತ್ತದೆ ಮಾವ. ಅದು ಹೊರಟ ಜಾಗ ಇದಕ್ಕಿಂತ ಎತ್ತರ ಉಂಟಲ್ಲ" ಎಂದರು ನನ್ನವರು.

"ಯಾರೂ ತಳ್ಳದೇನೇ?"

"ಯಾರೂ ತಳ್ಳದೇನೇ."

ಅಪ್ಪ ಬಗ್ಗಿ, ಮಲಗಿದ ಮಗುವನ್ನು ಮುಟ್ಟುವ ಹಾಗೆ ಪೈಪನ್ನು ಮುಟ್ಟಿ ನೋಡಿದ. ಜೀವಮಾನವಿಡೀ ನೀರನ್ನು ಎಳೆದವನು ಅವನು. ಎತ್ತು ಕಟ್ಟಿ ಎಳೆದಿದ್ದ, ಹಗ್ಗ ಹಾಕಿ ಎಳೆದಿದ್ದ, ಕರೆಂಟು ಬರುವ ಹೊತ್ತಿಗೆ ಎದ್ದು ಹೋಗಿ ಮೋಟರು ಹಾಕಿ ಎಳೆದಿದ್ದ. ನೀರು ತಾನಾಗಿ ದಿಣ್ಣೆ ಹತ್ತಿ ಬರುತ್ತದೆ ಎಂಬ ಮಾತು ಅವನಿಗೆ ಪುರಾಣ ಕೇಳಿದಂತೆ ಕೇಳಿಸಿರಬೇಕು.

ದಿಣ್ಣೆಯ ಆಚೆಗೆ ಕಿತ್ತುಹೋದ ಜಾಗ ಸಿಕ್ಕಿತು. ಅಲ್ಲಿ ಕಂಡದ್ದನ್ನು ನಾನು ಮರೆಯಲಾರೆ. ಸುತ್ತಮುತ್ತ ಕಾಡೆಲ್ಲ ಒಣಗಿ ಬೂದಿಯ ಬಣ್ಣಕ್ಕೆ ತಿರುಗಿದೆ. ನಡುವೆ ಒಂದು ಅಂಗಳದಷ್ಟು ನೆಲ ಕಪ್ಪಗೆ ತೊಯ್ದು ಹೊಳೆಯುತ್ತಿದೆ. ಅದರ ಮೇಲೆ ಚಿಟ್ಟೆಗಳು, ಹಳದಿ, ಬಿಳಿ, ನೀಲಿ, ನೆಲ ಕಾಣದಷ್ಟು ಚಿಟ್ಟೆಗಳು, ರೆಕ್ಕೆ ಮುಚ್ಚಿಕೊಂಡು ಕೆಸರಿಗೆ ಬಾಯಿ ಇಟ್ಟು ಕುಳಿತಿವೆ. ಹಕ್ಕಿಗಳು ಗುಂಡಿಯಲ್ಲಿ ಮೀಯುತ್ತಿದ್ದವು. ಕೆಸರಿನ ಅಂಚಿನಲ್ಲಿ ಕಾಟಿಯ, ಅಂದರೆ ಕಾಡುಕೋಣದ, ಗೊರಸು ಆಳವಾಗಿ ಊರಿತ್ತು, ಪಕ್ಕದಲ್ಲೇ ಅದರ ಮರಿಯದು. ನವಿಲಿನ ಹೆಜ್ಜೆ, ಕಾಡುಹಂದಿ ಹೊರಳಿದ ಗುರುತು. ಯಾರು ಇವರಿಗೆಲ್ಲ ಸುದ್ದಿ ಮುಟ್ಟಿಸಿದರು? ನಾವು ನೋಡುತ್ತಾ ನಿಂತೆವು. ಕಾಡಿನ ನಡುವೆ ಹುಟ್ಟಿದ ನನ್ನವರೂ ನಿಂತರು.

"ಒಂದು ರಾತ್ರಿಗೆ ಎಷ್ಟೊಂದು ಜನ ನೆಂಟರು" ಎಂದ ಅಪ್ಪ. ಸ್ವಲ್ಪ ಹೊತ್ತಾದ ಮೇಲೆ, "ಇವಕ್ಕೆಲ್ಲ ಕುಡಿಯಕ್ಕೆ ಬರ್ತದೆ. ನಮ್ಮದಕ್ಕೆ ಮಾತ್ರ ಏನಾಗೈತೋ" ಎಂದ.

ನನ್ನವರು ಒಣ ಗರಿ ಕಟ್ಟಿದ ಸೂಡಿಗೆ ಬೆಂಕಿ ಹಚ್ಚಿ ಪೈಪಿನ ತುದಿ ಮೆತ್ತಗಾಗುವಂತೆ ಕಾಯಿಸಿ, ಜಾಯಿಂಟನ್ನು ಒಳಗೆ ತುರುಕಿ, ತಂತಿ ಬಿಗಿದರು. ಬೆಂಕಿಯನ್ನು ಕೆಸರಿನಲ್ಲಿ ಅದ್ದಿ ಆರಿಸಿದರು. ಅಪ್ಪ ಒರತೆ ನೋಡಿಯೇ ಹೋಗುವುದು ಎಂದು ಹಟ ಹಿಡಿದ. ಇನ್ನಷ್ಟು ಹತ್ತಿದೆವು.

ಒರತೆ ಇದ್ದದ್ದು ಒಂದು ಮರದ ಬೇರಿನ ಕೆಳಗೆ. ನಾಲ್ಕು ಕಲ್ಲು ಜೋಡಿಸಿದ ಸಣ್ಣ ಗುಂಡಿ, ಎಲೆ ಬೀಳದಂತೆ ಮೇಲೆ ಅಡಕೆ ಹಾಳೆ ಮುಚ್ಚಿತ್ತು. ನನ್ನವರು ಹಾಳೆ ತೆಗೆದು ತೋರಿಸಿದರು. ಬಂಡೆಯ ಸೀಳಿನಿಂದ, ನನ್ನ ಕೈ ಕೂಡ ತೂರದಷ್ಟು ಸಣ್ಣ ಸೀಳಿನಿಂದ, ನೀರು ಸದ್ದಿಲ್ಲದೆ ಬರುತ್ತಿತ್ತು. ತಳದ ಮರಳಿನ ಕಣಗಳು ಒಂದೊಂದಾಗಿ ಏಳುತ್ತಾ ಕೂರುತ್ತಾ ಇದ್ದವು. ನಾನೂ ಅದನ್ನು ನೋಡಿದ್ದು ಅದೇ ಮೊದಲು. ಹಗಲೂ ರಾತ್ರಿ ಎದೆ ಜುಂ ಎನ್ನಿಸಿದ ಆ ನೀರೆಲ್ಲ ಇಷ್ಟರಿಂದ!

ಅಪ್ಪ ಚಪ್ಪಲಿ ಬಿಟ್ಟ. ಸುತ್ತ ನೋಡಿದ. "ಮೋಟ್ರು ಎಲ್ಲೈತೆ?" ಎಂದು ಮೆಲ್ಲಗೆ ಕೇಳಿದ. ಇಲ್ಲ ಎಂದು ಗೊತ್ತಿದ್ದೂ ಕೇಳಿದ. ಯಾರೂ ನಗಲಿಲ್ಲ.

"ಇದು ನಿಂತಿದ್ದೇ ಇಲ್ವಾ?"

"ನಮ್ಮಜ್ಜನೂ ನಿಂತಿದ್ದು ನೋಡಿಲ್ವಂತೆ. ಸಣ್ಣ ಆಗ್ತದೆ, ನಿಲ್ಲೂದಿಲ್ಲ."

ಅಪ್ಪ ಮೊಣಕಾಲೂರಿ, ಊದಿದ ತುಟಿಯನ್ನು ಆ ತಣ್ಣನೆಯ ನೀರಿಗೆ ತಾಗಿಸಿ ಬಹಳ ಹೊತ್ತು ಹಾಗೇ ಇದ್ದ. ಎದ್ದಾಗ ಕಣ್ಣು ಒದ್ದೆಯಾಗಿತ್ತು, ಮುಖವೆಲ್ಲ ಒದ್ದೆಯಾಗಿದ್ದರಿಂದ ಯಾವ ನೀರು ಎಂದು ನಾನು ಕೇಳಲಿಲ್ಲ. ಹಾಳೆಯನ್ನು ಅವನೇ ಮುಚ್ಚಿದ.

ಕೆಳಗೆ ಬರುವಾಗ ನೀರು ನಮ್ಮ ಜೊತೆಗೇ ಇಳಿಯುತ್ತಿದೆ ಎಂದುಕೊಂಡಿದ್ದೆವು. ಮನೆಗೆ ಬಂದು ನೋಡಿದರೆ ಪೈಪಿನಲ್ಲಿ ಹನಿಯೂ ಇಲ್ಲ. ಒಳಗೆ ಗಾಳಿ ಹಿಡಿದುಕೊಂಡಿದೆ, ನೀರು ಅದನ್ನು ತಳ್ಳಿಕೊಂಡು ಬರಬೇಕು, ಕಾಯುವುದೇ ಎಂದರು ನನ್ನವರು. ಎಲ್ಲರೂ ಕೊಟ್ಟಿಗೆಯ ಮುಂದೆ ಕುಳಿತೆವು. ಹಸು ಮಲಗಿತ್ತು. ನಾವು ಹೋದಾಗ ನಿಂತಿದ್ದದ್ದು ಈಗ ಕತ್ತು ಚಾಚಿ ಮಲಗಿತ್ತು. ಕಣ್ಣು ಗುಳಿ ಬಿದ್ದಿತ್ತು. ಅತ್ತೆ ಅದರ ಬೆನ್ನು ಸವರುತ್ತಾ, "ಬಾಯಿ ಬಿಟ್ಟು ಹೇಳ್ಬಾರ್ದೇನೆ ತಾಯಿ, ಎಂತ ಬೇಕು ನಿಂಗೆ?" ಎಂದು ಕೇಳುತ್ತಿದ್ದರು.

ಮೌನ. ಆ ಮನೆಗೆ ಬಂದಾಗಿನಿಂದ ನೀರಿನ ಸದ್ದಿಲ್ಲದ ಹಗಲನ್ನು ನಾನು ಕೇಳಿರಲಿಲ್ಲ. ಮನೆಯೇ ಬೇರೆಯಾಗಿತ್ತು. ನಾಯಿ ಕೆರೆದುಕೊಂಡದ್ದು ಕೇಳಿಸಿತು, ಅತ್ತೆಯ ಬಳೆ ಕೇಳಿಸಿತು, ಹಸುವಿನ ಒಣ ಉಸಿರು ಕೇಳಿಸಿತು.

ಅಪ್ಪ ಎದ್ದು ಹಸುವನ್ನು ಎಬ್ಬಿಸಿದ. ಬೈದು, ಬೇಡಿ, ಬಾಲ ಹಿಡಿದು, ನನ್ನವರ ಕೈಯೂ ಸೇರಿ ಎಬ್ಬಿಸಿದರು. ಅದು ನಡುಗುವ ಕಾಲಿನಲ್ಲಿ ಬಾನಿಯವರೆಗೆ ಬಂತು. ಬಾನಿಯ ನೀರು ಕದಲದೆ ನಿಂತಿತ್ತು. ಹಸು ಮೂಗು ತಗ್ಗಿಸಿತು. ಮೂಸಿತು. ಹಾಗೇ ನಿಂತಿತು. ಅಪ್ಪ ಅದರ ಕುತ್ತಿಗೆಯ ಪಕ್ಕ ನಿಂತು, ಜೋಲು ಬಿದ್ದ ಗಂಗೆದೊಗಲಿನ ಮೇಲೆ ಕೈ ಇಟ್ಟು, ತಲೆ ಬಾಗಿಸಿ, ತುಟಿ ಮುಂದೆ ಮಾಡಿದ. ಹಿಂದಿನ ಎರಡು ದಿನವೂ ಅವನು ಹೀಗೇ ತುಟಿ ಮಾಡುವುದನ್ನು ನೋಡಿದ್ದೆ. ಗಾಯ ಉರಿಯುತ್ತದೆ, ಗಾಳಿ ಊದಿಕೊಳ್ಳುತ್ತಿದ್ದಾನೆ ಎಂದುಕೊಂಡಿದ್ದೆ. ಈಗ ಆ ಮೌನದಲ್ಲಿ ಅದು ನನಗೆ ಕೇಳಿಸಿತು.

ಫೂ... ಫೂ... ಬರೀ ಗಾಳಿ.

ಅಪ್ಪ ಸಿಳ್ಳೆ ಹಾಕುತ್ತಿದ್ದ. ಸಿಳ್ಳೆ ಇರಲಿಲ್ಲ.

ನಮ್ಮ ಕಡೆ ದನಕ್ಕೆ ಯಾರೂ ಸುಮ್ಮನೆ ನೀರು ಕುಡಿಸುವುದಿಲ್ಲ. ಪಕ್ಕದಲ್ಲಿ ನಿಂತು ಸಿಳ್ಳೆ ಹಾಕುತ್ತಾರೆ. ಟೆಂಟ್ ಸಿನಿಮಾದಲ್ಲಿ ಹುಡುಗರು ಹೊಡೆಯುವ ಸಿಳ್ಳೆಯಲ್ಲ. ನಾಲಿಗೆಯನ್ನು ಮುಂಹಲ್ಲಿನ ಹಿಂದೆ ಇಟ್ಟು, ತಗ್ಗಿದ ದನಿಯಲ್ಲಿ, ಎಳೆದು ಎಳೆದು ಬಿಡುವ ಸಿಳ್ಳೆ. ಅದು ನಡೆದಷ್ಟು ಹೊತ್ತು ದನ ಕುಡಿಯುತ್ತದೆ. ಕರುವಾಗಿದ್ದಾಗಿನಿಂದ ನೀರು ಎಂದರೆ ಅದಕ್ಕೆ ಆ ದನಿ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಅದಕ್ಕೊಂದು ಹೆಸರೂ ಇಲ್ಲ. ಅದಕ್ಕೇ ಉಪ್ಪು, ಬೆಲ್ಲ, ಹಿಂಡಿ ಎಲ್ಲ ನೆನಪಾದವು, ಇದು ನೆನಪಾಗಲಿಲ್ಲ. ಮಲೆನಾಡಿನ ದನಗಳು ಹಳ್ಳಕ್ಕೆ ಹೋಗಿ ತಾವೇ ಕುಡಿದು ಬರುತ್ತವೆ, ಯಾರ ಹಂಗೂ ಇಲ್ಲದೆ. ಅವುಗಳನ್ನು ನೋಡಿ ನೋಡಿ ನನಗೂ ಅದು ಮನಸ್ಸಿನಿಂದ ಹೋಗಿತ್ತು. ಅಪ್ಪನಿಗೋ, ತನ್ನ ಸಿಳ್ಳೆ ಬರುತ್ತಿಲ್ಲ ಎಂಬುದೇ ಗೊತ್ತಿರಲಿಲ್ಲ. ಮಂದ ಕಿವಿ, ಮರಗಟ್ಟಿದ ತುಟಿ, ಪಕ್ಕದಲ್ಲಿ ದಬದಬ ಬೀಳುವ ನೀರು. ಅವನು ಎರಡು ದಿನದಿಂದ ತನ್ನ ಪಾಲಿನದನ್ನು ಮಾಡುತ್ತಲೇ ಇದ್ದ. ಹಸು ಕಾಯುತ್ತಲೇ ಇತ್ತು.

ಚಿಕ್ಕವಳಿದ್ದಾಗ ಅಪ್ಪನನ್ನು ನೋಡಿ ನಾನೂ ಕಲಿತಿದ್ದೆ. ಹೆಣ್ಣುಮಕ್ಕಳು ಸಿಳ್ಳೆ ಹಾಕಿದರೆ ಮನೆಗೆ ಆಗಿಬರುವುದಿಲ್ಲ ಎಂದು ಅಜ್ಜಿ ಬಾಯಿಗೆ ಬಡಿದು ಬಿಡಿಸಿದ್ದಳು. ಎದುರಿಗೆ ಅತ್ತೆ ಕುಳಿತಿದ್ದರು, ಮಾವ ಕುಳಿತಿದ್ದರು. ನಾನು ಯಾರ ಮುಖವನ್ನೂ ನೋಡಲಿಲ್ಲ. ಹಸುವಿನ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತು ತುಟಿ ಒದ್ದೆ ಮಾಡಿಕೊಂಡೆ. ಮೊದಲು ನನ್ನದೂ ಗಾಳಿಯೇ. ಮತ್ತೆ ಊದಿದೆ. ಬಂತು.

ಹಸುವಿನ ಒಂದು ಕಿವಿ ನನ್ನ ಕಡೆ ತಿರುಗಿತು. ಮೂಗು ನೀರಿಗಿಳಿಯಿತು.

ಮೊದಲು ಸದ್ದೇ ಇಲ್ಲ. ಆಮೇಲೆ ಗಂಟಲಿನಲ್ಲಿ ಒಂದು ಉಂಡೆ ಏರಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಅಷ್ಟು ದೊಡ್ಡ ಪ್ರಾಣಿ ತಲೆ ಎತ್ತದೆ, ಉಸಿರು ಬಿಡದೆ ಎಳೆಯುತ್ತಿತ್ತು. ಬಾನಿಯ ಕಲ್ಲಿನ ಮೇಲೆ ನೀರಿನ ಗೆರೆ ನನ್ನ ಕಣ್ಣೆದುರಿಗೇ ಇಳಿಯುತ್ತಿತ್ತು, ಒದ್ದೆ ಕಲ್ಲು ಬಟ್ಟಬಯಲಾಗುತ್ತಿತ್ತು. ನನಗೆ ರೋಮಾಂಚನವಾಗಿ ಸಿಳ್ಳೆ ನಡುಗಿತು. ನಡುಗಿದರೆ ಹಸು ನಿಲ್ಲಿಸುತ್ತದೆ ಎಂದು ಹೆದರಿ ಉಸಿರು ಬಿಗಿ ಹಿಡಿದೆ.

ಬಾಯಾರಿಕೆ ತಡೆಯಲಾರದೆ ಕುಡಿಯಿತು ಅಷ್ಟೇ, ಹೇಗೂ ಆ ಹೊತ್ತಿಗೆ ಕುಡಿಯುತ್ತಿತ್ತು ಎಂದು ನನ್ನವರು ಇವತ್ತಿಗೂ ವಾದಿಸುತ್ತಾರೆ. ವಾದಿಸಲಿ. ಆ ಹಸು ನಮ್ಮ ಕೊಟ್ಟಿಗೆಯಲ್ಲೇ ಕರು ಹಾಕಿತು. ಅಪ್ಪನ ತುಟಿ ಇಳಿದು, ಹಲ್ಲಿನ ಸಂದಿಯಲ್ಲೇ ಹೊಸದೊಂದು ಸಿಳ್ಳೆ ಅವನು ಕಂಡುಕೊಳ್ಳುವವರೆಗೆ ದಿನಾ ಬಾನಿಯ ಮುಂದೆ ನಿಂತು ಊದಿದವಳು ನಾನು. ನನಗೆ ಗೊತ್ತಿದೆ.

ಆದರೆ ಅವತ್ತು ಅದೆಲ್ಲ ಮುಂದಿನ ಮಾತು. ಅವತ್ತು ಬಾನಿಯ ತಳ ಕಾಣತೊಡಗಿತು. ಪೈಪಿನಲ್ಲಿ ನೀರು ಇನ್ನೂ ಬಂದಿರಲಿಲ್ಲ. ಅತ್ತೆ ಎದ್ದದ್ದು ಓರೆಗಣ್ಣಿಗೆ ಕಂಡಿತು. ಈಗ ಬೈಗುಳ ಬಿತ್ತು ಎಂದುಕೊಂಡೆ. ಅವರು ಒಳಗೆ ಹೋಗಿ ಅಡುಗೆಮನೆಯ ಕೊಡವನ್ನೇ ಹೊತ್ತು ತಂದರು, ನಾವು ಕುಡಿಯುವ ಬಾವಿ ನೀರು. ಹೆಜ್ಜೆಯ ಸದ್ದಾಗದಂತೆ ಬಂದು, ಕೊಡವನ್ನು ಬಾನಿಯ ಅಂಚಿಗೆ ಒರಗಿಸಿ, ಕಲ್ಲಿನ ಮೈ ಹಿಡಿದು ನೀರು ಸದ್ದಿಲ್ಲದೆ ಇಳಿಯುವಂತೆ ನಿಧಾನ ಬಗ್ಗಿಸಿದರು. ಹಸು ಕುಡಿಯುತ್ತಲೇ ಇತ್ತು.

ಆ ಬದಿಯಲ್ಲಿ ಅಪ್ಪ ನಿಂತಿದ್ದ. ಹಸುವಿನ ಬೆನ್ನಿನ ಮೇಲಿನಿಂದ ನನ್ನನ್ನೇ ನೋಡುತ್ತಿದ್ದ. ಕೈ ಎತ್ತಿ ತನ್ನ ತುಟಿ ಮುಟ್ಟಿಕೊಂಡ. ತುಟಿಯ ಮುಂದೆ ಅಂಗೈ ಹಿಡಿದು, ಒಮ್ಮೆ ಊದಿ, ಅಂಗೈ ನೋಡಿದ.

"ನಂದು ಬರ್ತಾನೇ ಇರ್ಲಿಲ್ವೇನವ್ವ?" ಎಂದು ಕೇಳಿದ.

ಉತ್ತರ ಕೊಡಬೇಕಾದರೆ ನಾನು ಸಿಳ್ಳೆ ನಿಲ್ಲಿಸಬೇಕಿತ್ತು. ಅಪ್ಪನ ಕಣ್ಣನ್ನೇ ನೋಡುತ್ತಾ, ಇಲ್ಲ ಎಂದು ತಲೆಯಾಡಿಸಿ, ಊದುತ್ತಲೇ ಇದ್ದೆ.